ಬಂಗಾಡಿಯ ಅರಸನೂ ಬರ್ಮಾದ ಅಡಿಕೆಯೂ

ವಿಟ್ಲ ಪೇಟೆಯ ಅಡಿಕೆ ಅಂಗಡಿಯಲ್ಲಿ ಗೋಣಿಯ ಬಾಯಿ ಬಿಚ್ಚಿದ ಮೇಲೆ ನಡೆಯುವುದು ಎರಡೇ ಮಾತು. ಮೊದಲನೆಯದು ಮಾಲಿನದು. ಅಂಗಡಿಯವರು ಒಂದು ಹಿಡಿ ಚಾಲಿಯನ್ನು ಅಂಗೈಗೆ ಸುರಿದುಕೊಳ್ಳುತ್ತಾರೆ, ಎರಡನ್ನು ಸೀಳಿ ಒಳಗಿನ ಬಿಳಿ-ಕಂದು ಗೆರೆ ನೋಡುತ್ತಾರೆ, ಇದು ಹೊಸತು, ಇದು ಡಬಲ್ ಚೋಲ್, ಇದು ಪಟೋರ, ಇದು ಕರಿಗೋಟು ಎಂದು ಬೇರೆ ಮಾಡುತ್ತಾರೆ. ಎರಡನೆಯದು ದರದ ಮಾತು. ಹೋದ ವಾರಕ್ಕಿಂತ ಕಡಿಮೆ ಯಾಕೆ ಎಂದು ಬೆಳೆಗಾರ ಕೇಳಿದರೆ ಸಿಗುವ ಉತ್ತರ ಬಹಳ ಸಲ ಒಂದೇ: "ಬರ್ಮಾದ ಮಾಲು ಬಂದಿದೆಯಂತೆ ಮಾರಾಯ್ರೆ."

ಈ ಒಂದು ಸಾಲಿನೊಳಗೆ ಒಂದು ಪಿಎಚ್.ಡಿ. ಮುದುಡಿ ಕುಳಿತಿದೆ. ಇಂಡೊನೇಷ್ಯಾದ ಅಡಿಕೆ ಮ್ಯಾನ್ಮಾರ್‌ಗೆ ಬರುತ್ತದೆ, ಅಲ್ಲಿಂದ ಮಿಜೋರಾಂನ ಚಂಫಾಯ್ ಕಡೆಯ ಗಡಿ ದಾಟುತ್ತದೆ, ಅಸ್ಸಾಂ ಮೂಲಕ ನಾಗಪುರದ ವ್ಯಾಪಾರಿಗಳ ಗೋದಾಮು ಸೇರುತ್ತದೆ. ಭಾರತ-ಮ್ಯಾನ್ಮಾರ್ ಗಡಿ 1,643 ಕಿ.ಮೀ. ಉದ್ದದ್ದು, ಬಹುಪಾಲು ಗುಡ್ಡ ಮತ್ತು ಕಾಡು. 2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಆ ಗಡಿಯ ಆಚೆ ಯಾವ ಊರು ಯಾರ ಕೈಯಲ್ಲಿದೆ ಎಂಬುದೇ ದಿನಕ್ಕೊಂದು ಕಥೆ. ಅಸ್ಸಾಂ ರೈಫಲ್ಸ್ ಅಡಿಕೆ ಚೀಲ ಹಿಡಿಯುವುದು ಅಲ್ಲಿನ ಪತ್ರಿಕೆಗಳಲ್ಲಿ ಮಾಮೂಲಿ ಸುದ್ದಿ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಆ ಬೆಲೆಯ ಹಂಗಿಲ್ಲದೆ ತರಿಸಲು ಒಪ್ಪಿಗೆ ಕೊಟ್ಟಿತ್ತು. ಒಂದು ಕೈ ಬಾಗಿಲು ಹಾಕಿತು, ಇನ್ನೊಂದು ಕೈ ಕಿಟಕಿ ತೆರೆಯಿತು. ಭೂತಾನಿನ ಪಕ್ಕದಲ್ಲಿ ಚೀನಾ ಇದೆ, ಆದ್ದರಿಂದ ಆ ಕಿಟಕಿ ಬರೀ ಅಡಿಕೆಯದ್ದಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಓದುವ ಮಕ್ಕಳಲ್ಲಿ ಅಡಿಕೆ ತೋಟದ ಮನೆಯವರಿಗೆ ಕೊರತೆಯಿಲ್ಲ. ಅವರ ಫೀಸು ಬರುವುದು ಆ ದರದಿಂದ. ಆದರೆ ತರಗತಿಯಲ್ಲಿ 'ಅಂತರರಾಷ್ಟ್ರೀಯ ಭದ್ರತೆ' ಎಂದರೆ ಶೀತಲ ಸಮರ, ವಿಶ್ವಸಂಸ್ಥೆಯ ಅಂಗಗಳು, ಅಲಿಪ್ತ ನೀತಿ, ಐದು ಅಂಕಕ್ಕೆ ಟಿಪ್ಪಣಿ. ಅಂಗಡಿಯ ಮಾತು ಅಂಗಡಿಯಲ್ಲೇ ಉಳಿಯುತ್ತದೆ, ತರಗತಿಯ ಮಾತು ಉತ್ತರಪತ್ರಿಕೆಯಲ್ಲಿ ಮುಗಿಯುತ್ತದೆ. ಇವೆರಡನ್ನು ಒಂದೇ ಮೇಜಿಗೆ ತರಬೇಕು, ಅದನ್ನು ಇಲ್ಲೇ ಮಾಡಬಹುದು, ಕನ್ನಡದಲ್ಲೇ ಮಾಡಬಹುದು ಎಂಬುದು ಈ ಬರಹದ ವಾದ.

ಅದೆಲ್ಲ ದೆಹಲಿಯವರ ಕೆಲಸ ಎಂಬ ಮಾತು ಕೂಡಲೇ ಬರುತ್ತದೆ. 1955ರಲ್ಲಿ ಸಪ್ರು ಹೌಸ್‌ನಲ್ಲಿ ಶುರುವಾಗಿ 1970ರಲ್ಲಿ ಜೆಎನ್‌ಯುಗೆ ಸೇರಿದ ಅಂತರರಾಷ್ಟ್ರೀಯ ಅಧ್ಯಯನಗಳ ಶಾಲೆ ಅಲ್ಲಿದೆ, 1965ರಲ್ಲಿ ಹುಟ್ಟಿದ ರಕ್ಷಣಾ ಅಧ್ಯಯನ ಸಂಸ್ಥೆ ಅಲ್ಲಿದೆ, ರಾಯಭಾರ ಕಚೇರಿಗಳೂ ಅಲ್ಲೇ. ನಿಜ. ಆದರೆ ಈ ವಿಷಯಕ್ಕೆಂದೇ ಜಗತ್ತಿನಲ್ಲಿ ಮೊದಲ ವಿಶ್ವವಿದ್ಯಾಲಯ ವಿಭಾಗ ತೆರೆದದ್ದು ಲಂಡನ್ನಿನಲ್ಲೂ ಅಲ್ಲ, ವಾಷಿಂಗ್ಟನ್ನಿನಲ್ಲೂ ಅಲ್ಲ. 1919ರಲ್ಲಿ ವೇಲ್ಸ್‌ನ ಕಡಲ ತಡಿಯ ಅಬರಿಸ್ಟ್‌ವಿತ್ ಎಂಬ ಪುಟ್ಟ ಊರಿನಲ್ಲಿ. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಎನ್ನುವ ಸೀಮೆ ಅದು, ನಮ್ಮ ತುಳುನಾಡಿನ ಹಾಗೆಯೇ. ಮೊದಲ ಮಹಾಯುದ್ಧಕ್ಕೆ ಹೋಗಿ ಸತ್ತ ಅಲ್ಲಿನ ಕಾಲೇಜಿನ ವಿದ್ಯಾರ್ಥಿಗಳ ನೆನಪಿಗೆಂದು ಡೇವಿಡ್ ಡೇವಿಸ್ ಮತ್ತು ಅವರ ತಂಗಿಯಂದಿರು 20,000 ಪೌಂಡ್ ಕೊಟ್ಟರು. ಮಕ್ಕಳು ಯಾಕೆ ಸತ್ತರು ಎಂಬ ಪ್ರಶ್ನೆಗೆ ಒಂದು ಪೀಠ ಹುಟ್ಟಿತು. ಮುಂದೆ ಇ.ಎಚ್. ಕಾರ್ ಅದೇ ಪೀಠದಲ್ಲಿದ್ದುಕೊಂಡು, 1939ರಲ್ಲಿ, ಇಡೀ ವಿಷಯದ ದಿಕ್ಕು ಬದಲಿಸಿದ ಪುಸ್ತಕ ಬರೆದರು. ಉಜಿರೆಗೋ ಮೂಡುಬಿದಿರೆಗೋ ರಾಜಧಾನಿ ದೂರವಾಯಿತು ಎನ್ನುವವರು ಈ ಊರನ್ನು ಒಮ್ಮೆ ಭೂಪಟದಲ್ಲಿ ಹುಡುಕಬೇಕು.

ಇನ್ನು ನಮ್ಮಲ್ಲೇ ನೋಡಿದರೆ, ಜಗತ್ತಿನ ತರಗತಿಗಳಲ್ಲೆಲ್ಲ ಪಾಠವಾಗುವ ಕೌಟಿಲ್ಯನ ಅರ್ಥಶಾಸ್ತ್ರ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಗರಿಯ ಪ್ರತಿಯನ್ನು ಗುರುತಿಸಿದರು, 1909ರಲ್ಲಿ ಸಂಸ್ಕೃತ ಪಾಠ ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಗಡಿಗೆ ಹೊಂದಿಕೊಂಡವನು ಸಹಜ ವೈರಿ, ಅವನ ಆಚೆಗಿನವನು ಸಹಜ ಮಿತ್ರ ಎಂಬ ಮಂಡಲ ಸಿದ್ಧಾಂತ ಅದರಲ್ಲಿದೆ. ಪುಸ್ತಕದಲ್ಲಿ ಓದಿದರೆ ಇದು ಒಣ ಸೂತ್ರ. ಬಂಟ್ವಾಳ-ಬೆಳ್ತಂಗಡಿಯ ನೆಲದ ಮೇಲೆ ಇಟ್ಟು ನೋಡಿದರೆ ಅದಕ್ಕೆ ಜೀವ ಬರುತ್ತದೆ.

ಹದಿನೇಳನೇ ಶತಮಾನದ ಆರಂಭದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳು ತಾಲೂಕುಗಳಾಗಿರಲಿಲ್ಲ, ಪುಟ್ಟ ಪುಟ್ಟ ಸೀಮೆಗಳಾಗಿದ್ದವು. ಬೆಳ್ತಂಗಡಿಯ ಬಂಗಾಡಿಯಲ್ಲಿ ಬೇರುಬಿಟ್ಟ ಬಂಗರು ನೇತ್ರಾವತಿಯ ಗುಂಟ ಇಳಿದು ಬಂಟ್ವಾಳದ ನಂದಾವರದವರೆಗೂ ಮಂಗಳೂರಿನವರೆಗೂ ಬಂದಿದ್ದರು. ಪುತ್ತಿಗೆ-ಮೂಡುಬಿದಿರೆಯ ಚೌಟರ ಒಂದು ಕವಲು ಉಳ್ಳಾಲದಲ್ಲಿತ್ತು. ವೇಣೂರಿನಲ್ಲಿ ಅಜಿಲರು. 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲ ಆ ಮನೆತನದವನು. ಘಟ್ಟದ ಮೇಲೆ ಇಕ್ಕೇರಿಯ ವೆಂಕಟಪ್ಪ ನಾಯಕ. ಕಡಲಿನಲ್ಲಿ ಪೋರ್ಚುಗೀಸರು. ಎಲ್ಲರ ಕಣ್ಣೂ ಕಾಳುಮೆಣಸಿನ ಮೇಲೆ, ಅಕ್ಕಿಯ ಮೇಲೆ.

ಉಳ್ಳಾಲದ ರಾಣಿಗೂ ಅವಳ ಗಂಡ ಬಂಗ ಅರಸನಿಗೂ ಸರಿಹೋಗಲಿಲ್ಲ. ಬಿಟ್ಟರು. ಜಗಳ ಮನೆಯೊಳಗೆ ಮುಗಿಯಲಿಲ್ಲ. ಬಂಗನಿಗೆ ಪೋರ್ಚುಗೀಸರ ಬೆಂಬಲ ಇತ್ತು, ರಾಣಿ ಘಟ್ಟದ ಮೇಲಿನ ವೆಂಕಟಪ್ಪ ನಾಯಕನಿಗೆ ಹೇಳಿ ಕಳುಹಿಸಿದಳು. ನಾಯಕನ ದಂಡು ಇಳಿಯಿತು. ಬಂಗನೂ ಅವನ ನೆರವಿಗೆ ಬಂದ ಪೋರ್ಚುಗೀಸರೂ ಸೋತರು, ಬಂಗನ ಕೋಟೆ ನೆಲಸಮವಾಯಿತು, ಅರಸ ಕಾಸರಗೋಡಿನತ್ತ ಓಡಿದ. ವೈರಿಯ ಆಚೆಗಿನವನು ಮಿತ್ರ ಎಂಬ ಸೂತ್ರ ಅಕ್ಷರಶಃ ನಡೆದುಹೋಯಿತು. ಆಮೇಲಿನದನ್ನು ಮಾತ್ರ ವಿದ್ಯಾರ್ಥಿಗಳು ಗಮನಿಸಬೇಕು. ನಡುವಿನ ಬಂಗ ಸರಿದುಹೋದ ಮೇಲೆ ಇಕ್ಕೇರಿಯೇ ಉಳ್ಳಾಲದ ನೆರೆಮನೆಯಾಯಿತು. ಕರೆದು ತಂದ ಮಿತ್ರ ಈಗ ಪಕ್ಕದ ಬೇಲಿಯವನು. ಮುಂದೆ ಈ ಸೀಮೆಯ ಅರಸರೆಲ್ಲ ಒಬ್ಬೊಬ್ಬರಾಗಿ ಇಕ್ಕೇರಿಯ ಕೆಳದಿ ನಾಯಕರಿಗೆ ಕಪ್ಪ ಕಟ್ಟುವವರಾದರು. ದೊಡ್ಡವನ ಸಹಾಯ ಕೇಳುವ ಸಣ್ಣವನ ಸಂಕಟ ಉಕ್ರೇನಿಗೂ ಇದೆ, ನೇಪಾಳ-ಮಾಲ್ಡೀವ್ಸ್‌ಗಳಿಗೂ ಇದೆ. ಆದರೆ ಅದರ ಪಾಠ ನಂದಾವರದ ಹೊಳೆಬದಿಯಲ್ಲಿ ಶುರು ಮಾಡಬಹುದು.

ಇದು ಕಟ್ಟುಕಥೆ ಅಲ್ಲ. ಈ ಜಗಳವನ್ನು ಬಗೆಹರಿಸಲೆಂದೂ ಮೆಣಸಿನ ವ್ಯವಹಾರ ಸರಿಮಾಡಲೆಂದೂ 1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಪೋರ್ಚುಗೀಸ್ ರಾಯಭಾರ ಹೊರಟಿತು. ಅದರ ಜತೆ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿ ಇದ್ದ. ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆದ. ವೆಂಕಟಪ್ಪ ನಾಯಕನ ಪರವಾಗಿ ಗೋವೆಯಲ್ಲಿ ಮಾತುಕತೆ ನಡೆಸಿದ ರಾಯಭಾರಿಯ ಹೆಸರನ್ನು ಅವನು 'ವಿತುಲಾ ಸಿನಾಯ್' ಎಂದು ಬರೆಯುತ್ತಾನೆ. ಕರಾವಳಿಯವರಿಗೆ ಅದು ವಿಠಲ ಶೆಣೈ ಎಂದು ತಿಳಿಯಲು ಅರೆಕ್ಷಣ ಸಾಕು. ನಾಲ್ಕು ನೂರು ವರ್ಷಗಳ ಹಿಂದೆ ಕನ್ನಡದ ಒಂದು ಆಸ್ಥಾನದ ವಿದೇಶಾಂಗ ವ್ಯವಹಾರವನ್ನು ಒಬ್ಬ ಶೆಣೈ ನೋಡಿಕೊಳ್ಳುತ್ತಿದ್ದ. ಅವನ ಬಗ್ಗೆ ಯಾವ ಪರೀಕ್ಷೆಯಲ್ಲೂ ಎರಡು ಅಂಕದ ಪ್ರಶ್ನೆಯೂ ಬರುವುದಿಲ್ಲ.

ದೆಲ್ಲಾ ವಾಲ್ಲೆ ಆ ವರ್ಷದ ಡಿಸೆಂಬರಿನಲ್ಲಿ ಉಳ್ಳಾಲದ ರಾಣಿಯನ್ನೂ ಕಂಡ. ಅರಮನೆಯಲ್ಲಲ್ಲ, ದಾರಿಯಲ್ಲಿ. ಅವಳು ಬರಿಗಾಲಿನಲ್ಲಿ, ಒಂದು ಬಿಳಿ ಬಟ್ಟೆ ಉಟ್ಟು, ಗರಿಯ ಕೊಡೆಯ ನೆರಳಿನಲ್ಲಿ, ತೋಡು ತೋಡಿಸುವ ಕೆಲಸ ನೋಡಲು ನಡೆದು ಹೋಗುತ್ತಿದ್ದಳು. ನೋಡಿದರೆ ಅಡುಗೆಯವಳೋ ಬಟ್ಟೆ ಒಗೆಯುವವಳೋ ಅನಿಸುವಂತಿದ್ದಳು, ಬಾಯಿ ತೆರೆದಾಗ ಮಾತ್ರ ಆಳುವವಳ ವಿವೇಕ ಕಂಡಿತು ಎಂಬುದು ಅವನ ಬರಹದ ಸಾರ. ಅವನ ಕಣ್ಣಿಗೆ ಅದು ಬಡತನವಾಗಿ ಕಂಡಿರಬಹುದು. ತುಳುನಾಡಿನ ಯಾವ ಗುತ್ತಿನ ಯಜಮಾನಿಯಾದರೂ ನೀರಿನ ಕೆಲಸಕ್ಕೆ ತಾನೇ ಹೋಗುತ್ತಾಳೆ. ಈ ರಾಣಿಯೇ ಹೆಸರಾಂತ ಅಬ್ಬಕ್ಕಳೇ, ಅವಳ ಮಗಳೇ, ಮೊಮ್ಮಗಳೇ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇದೆ. ಜನರ ನೆನಪು ಇಬ್ಬರು ಮೂವರನ್ನು ಒಬ್ಬಳೇ ಅಬ್ಬಕ್ಕಳಾಗಿ ಹೆಣೆದಿದೆ. 2012ರಲ್ಲಿ ಕರಾವಳಿ ಕಾವಲು ಪಡೆ ತನ್ನ ಹಡಗಿಗೆ ಇಟ್ಟದ್ದೂ ಆ ಹೆಣೆದ ಹೆಸರನ್ನೇ. ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಂ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಹೋದವರಿಗೆ ಈ ನೆನಪಿನ ಇನ್ನೊಂದು ಮಗ್ಗುಲು, ಮನೆಬಳಕೆಯ ವಸ್ತುಗಳ ರೂಪದಲ್ಲಿ, ಕಣ್ಣಿಗೆ ಬೀಳುತ್ತದೆ.

ಮೂಡುಬಿದಿರೆಯ ಸಾಕ್ಷಿ ಕಲ್ಲಿನಲ್ಲಿದೆ. 1430ರ ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದ ತಳಪಾದಿಯನ್ನು ಬಗ್ಗಿ ನೋಡಿದರೆ ಒಂದು ಜಿರಾಫೆ ಕಾಣುತ್ತದೆ, ಒಂದು ಚೀನೀ ಡ್ರ್ಯಾಗನ್ ಕಾಣುತ್ತದೆ. ಆಫ್ರಿಕದ ಮೃಗವೂ ಚೀನಾದ ಹಾವೂ ಒಂದೇ ಜಗುಲಿಯಲ್ಲಿ ಕೂತಿವೆ. ಪ್ರವಾಸಿಗಳು ಫೋಟೊ ತೆಗೆದು ಹೋಗುತ್ತಾರೆ. ಯಾವ ಹಡಗು, ಯಾವ ವ್ಯಾಪಾರಿ, ಆ ಸಮುದ್ರ ಆಗ ಯಾರ ಕಾವಲಿನಲ್ಲಿತ್ತು ಎಂಬುದು ಪಕ್ಕದ ಕಾಲೇಜುಗಳ ಪ್ರಶ್ನೆಯಾಗಬೇಕಿತ್ತು. ಬೆಳ್ತಂಗಡಿಯ ಗಡಾಯಿಕಲ್ಲಿನದೂ ಇದೇ ಕಥೆ. 1784ರ ಮಾರ್ಚಿನಲ್ಲಿ ಟಿಪ್ಪುವೂ ಇಂಗ್ಲಿಷರೂ ಮಂಗಳೂರು ಒಪ್ಪಂದಕ್ಕೆ ಸಹಿ ಹಾಕಿದರು, ಹತ್ತು ವರ್ಷದ ಮೇಲೆ, 1794ರಲ್ಲಿ, ಟಿಪ್ಪು ಆ ಬಂಡೆಯ ನೆತ್ತಿಗೆ ಕೋಟೆ ಕಟ್ಟಿ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದ. ಸಹಿ ಹಾಕಿದವನೇ ಕೋಟೆ ಯಾಕೆ ಕಟ್ಟುತ್ತಾನೆ? ಒಬ್ಬನು ತನ್ನ ರಕ್ಷಣೆಗೆಂದು ಎತ್ತರಿಸಿದ ಗೋಡೆ ಇನ್ನೊಬ್ಬನಿಗೆ ಬೆದರಿಕೆಯಾಗಿ ಕಾಣುವುದನ್ನು ಭದ್ರತಾ ಸಂದಿಗ್ಧ ಎನ್ನುತ್ತಾರೆ. ಚಾರಣಕ್ಕೆ ಹೋಗುವ ಹುಡುಗರು ಮೆಟ್ಟಿಲೇರುವಾಗ ಏದುಸಿರಿನ ನಡುವೆ ಯೋಚಿಸಬಹುದಾದ ವಿಷಯ.

ಹಳೆಯದಾಯಿತು. ಈಗಿನದಕ್ಕೆ ಬಂದರೆ, ನೆಲದ ಕೆಳಗೆ ನೋಡಬೇಕು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲು, ಡೀಸೆಲ್ ಒಯ್ಯುವ ಸುಮಾರು 360 ಕಿ.ಮೀ. ಕೊಳವೆ ಬಂಟ್ವಾಳ, ಬೆಳ್ತಂಗಡಿಯ ಗದ್ದೆ ತೋಟಗಳಡಿ ಹಾದುಹೋಗುತ್ತದೆ. ಘಟ್ಟ ಹತ್ತಿಸಲು ನೆರಿಯದಲ್ಲಿ ಪಂಪಿಂಗ್ ಸ್ಟೇಷನ್ ಇದೆ. ಮಂಗಳೂರಿನ ನೆಲದಡಿಯ ಬಂಡೆಗುಹೆಯಲ್ಲಿ 15 ಲಕ್ಷ ಟನ್, ಉಡುಪಿಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ತುಂಬುವ ಜಾಗ ಇದೆ. ದೇಶದ ಆಪತ್ಕಾಲದ ದಾಸ್ತಾನು ಅದು. ಮಂಗಳೂರಿನ ಗುಹೆಯಲ್ಲಿ ಅಬುಧಾಬಿಯ ತೈಲ ಕಂಪನಿಯೂ ತನ್ನ ಎಣ್ಣೆ ಇಟ್ಟಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಭಾರತ ಕೊಳ್ಳುವ ರಷ್ಯಾ ತೈಲದ ಪಾಲು ನೂರಕ್ಕೆ ಎರಡರ ಆಸುಪಾಸಿನಿಂದ ಮೂರನೇ ಒಂದಕ್ಕೆ ಏರಿತು. ಯಾರದೋ ಯುದ್ಧ, ಯಾರದೋ ನಿರ್ಬಂಧ, ನೆರಿಯದಲ್ಲಿ ಪಂಪಿನ ಸದ್ದು.

ಈ ಬಗೆಯ ವಿಷಯದಲ್ಲಿ ಸಂಶೋಧಕನಿಗೆ ಒಂದು ಗೆರೆಯೂ ಇರಬೇಕು. ಕೊಳವೆಯ ಕಾವಲು ಹೇಗೆ, ಕವಾಟ ಎಲ್ಲಿ ಎಂಬುದು ಅಧ್ಯಯನದ ವಸ್ತುವಲ್ಲ, ಅದನ್ನು ಬರೆಯಲೂ ಬಾರದು. ಆದರೆ ಜಮೀನಿನ ಹಕ್ಕು ಏನಾಯಿತು, ಪರಿಹಾರ ಎಷ್ಟು ಬಂತು, ಸೋರಿಕೆಯಾದರೆ ಯಾರಿಗೆ ಫೋನ್ ಮಾಡಬೇಕೆಂದು ಪಕ್ಕದ ಮನೆಯವರಿಗೆ ಗೊತ್ತೇ ಎಂದು ಕೇಳುವುದಕ್ಕೆ ಯಾರ ಅಡ್ಡಿಯೂ ಇರಬಾರದು. ಯಾವುದನ್ನು ಕೇಳಬಹುದು, ಯಾವುದನ್ನು ಬರೆಯಬಾರದು ಎಂಬ ತರಬೇತಿ ಕೂಡ ವಿಶ್ವವಿದ್ಯಾಲಯವೇ ಕೊಡಬೇಕಾದದ್ದು.

ಭದ್ರತೆ ಎಂಬ ಪದಕ್ಕೆ ಈ ಸೀಮೆಯಲ್ಲಿ ಇನ್ನೊಂದು ಅರ್ಥ ಇದೆ, ಅದನ್ನು ಬಿಟ್ಟು ಮಾತಾಡಿದರೆ ಅಪ್ರಾಮಾಣಿಕವಾಗುತ್ತದೆ. 2017ರ ಮಳೆಗಾಲದಲ್ಲಿ ಬಂಟ್ವಾಳ ತಾಲೂಕು ವಾರಗಟ್ಟಲೆ ನಿಷೇಧಾಜ್ಞೆಯಲ್ಲಿತ್ತು. ಇಲ್ಲಿನ ಮಕ್ಕಳಿಗೆ 'ಬಂದೋಬಸ್ತ್' ಎಂದರೆ ಪೇಟೆಯ ತಿರುವಿನಲ್ಲಿ ನಿಂತ ಪೊಲೀಸ್ ವ್ಯಾನು, ಬೇಗ ಮುಚ್ಚಿದ ಅಂಗಡಿ, ಮನೆಯಿಂದ ಬರುವ ಫೋನ್. 1994ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ವರದಿ 'ಮಾನವ ಭದ್ರತೆ' ಎಂಬ ಮಾತನ್ನು ಮುಂದಿಟ್ಟು, ಆಹಾರ, ಆರೋಗ್ಯ, ಪರಿಸರ, ಸಮುದಾಯ ಎಲ್ಲವನ್ನೂ ಅದರಡಿ ತಂದಿತು. ಅಬರಿಸ್ಟ್‌ವಿತ್‌ನ ಕೆನ್ ಬೂತ್ ಅವರ ಬಳಗ ಕೇಳಿದ್ದೂ ಅದನ್ನೇ: ಭದ್ರತೆ ಎಂದರೆ ಯಾರ ಭದ್ರತೆ? ಸರಕಾರದ್ದೋ, ಸಂಜೆ ಬಸ್ಸಿಗೆ ಕಾಯುವ ಹುಡುಗಿಯದ್ದೋ? ಟಿವಿ ಚರ್ಚೆಯಲ್ಲಿ ಕ್ಷಿಪಣಿಗಳ ಹೆಸರು ಪಟಪಟನೆ ಹೇಳುವವರಿಂದ ಈ ವಿಷಯವನ್ನು ಬಿಡಿಸಿಕೊಳ್ಳಬೇಕಾದ ಕಾರಣ ಇಲ್ಲಿದೆ.

ಅಡಿಕೆಗೂ ಇದೇ ಮಾತು. ಮಂಗಳೂರಿನಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದ ವಾರಣಾಶಿ ಸುಬ್ರಾಯ ಭಟ್ಟರು ಬಂಟ್ವಾಳ ತಾಲೂಕಿನ ಅಡ್ಯನಡ್ಕದವರು. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರದ್ದು. ತಳಿ, ಗೊಬ್ಬರ, ಕೊಳೆರೋಗದ ಬಗ್ಗೆ ಕೆಲಸ ಮಾಡುವುದು ಅದರ ಪಾಲಿಗೆ ಬಂದದ್ದು, ಗಡಿ ದಾಟಿ ಬರುವ ಅಡಿಕೆಯ ಲೆಕ್ಕ ಅದರದ್ದಲ್ಲ. ಆ ಲೆಕ್ಕ ಹಿಡಿಯುವ ಸಂಶೋಧಕ ಹಿತವಲ್ಲದ್ದನ್ನೂ ಬರೆಯಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ. ಊರಿನ ಹೊಟ್ಟೆಪಾಡಿನ ಬೆಳೆಯ ಬಗ್ಗೆ ಊರಿನವನೇ ಅದನ್ನೂ ಸೇರಿಸಿ ಬರೆದರೆ ಆ ಪ್ರಬಂಧಕ್ಕೆ ತೂಕ.

ರಾಜ್ಯದಲ್ಲಿ ಈ ಓದಿಗೆ ಜಾಗವೇ ಇಲ್ಲ ಎನ್ನುವಂತಿಲ್ಲ. ಮಣಿಪಾಲದಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗ ಇದೆ. ರಾಜಾ ರಾಮಣ್ಣನವರು ಮೊದಲ ನಿರ್ದೇಶಕರಾಗಿದ್ದ, 1988ರ ಬೆಂಗಳೂರಿನ ನಿಯಾಸ್ ಸಂಸ್ಥೆಯಲ್ಲಿ ಪರಮಾಣು, ಕ್ಷಿಪಣಿ, ಬಾಹ್ಯಾಕಾಶದ ಭದ್ರತೆಯ ಕುರಿತು ಗಂಭೀರ ಕೆಲಸ ನಡೆದಿದೆ. ಘಟ್ಟದ ಮೇಲೆ, ಶಿವಮೊಗ್ಗದಲ್ಲಿ, ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ಇವುಗಳಲ್ಲಿ ಓದು ಬರಹವೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಯುಜಿಸಿ-ನೆಟ್‌ನಲ್ಲಿ ರಕ್ಷಣಾ ಅಧ್ಯಯನದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿ ಬಿ.ಸಿ.ರೋಡಿನಿಂದ ಮೆಲ್ಕಾರ್, ಮುಡಿಪು ದಾಟಿ ಕೊಣಾಜೆಯ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಹೋಗುವ ವಿದ್ಯಾರ್ಥಿ ಈ ಸಾಲಿನ ಹೊರಗೆ ನಿಂತಿರುತ್ತಾನೆ.

ಅವನಿಗೆ ಬುದ್ಧಿಯ ಕೊರತೆ ಇಲ್ಲ. ತಾಳಮದ್ದಳೆ ಕೇಳಿ ಬೆಳೆದವನು. ಕೃಷ್ಣ ಸಂಧಾನ ಪ್ರಸಂಗದಲ್ಲಿ ಕೌರವನ ಪಾತ್ರಧಾರಿ ಐದು ಗ್ರಾಮವನ್ನೂ ಯಾಕೆ ಕೊಡಬಾರದು ಎಂದು ಮುಕ್ಕಾಲು ಗಂಟೆ ಅರ್ಥ ಹೇಳುತ್ತಾನೆ, ಕೇಳುವವರಿಗೆ ಹೌದಲ್ಲ ಅನಿಸುತ್ತದೆ. ಎದುರಾಳಿಯ ತರ್ಕವನ್ನು ಅವನ ಬಾಯಿಂದಲೇ, ಅವನಿಗಿಂತ ಚೆನ್ನಾಗಿ ಹೇಳಲು ಕಲಿಯುವುದು ಈ ವಿಷಯದ ಅರ್ಧ ವಿದ್ಯೆ. ದೊಡ್ಡ ವಿಶ್ವವಿದ್ಯಾಲಯಗಳು ಅದಕ್ಕೆಂದು ಅಣಕು ಅಧಿವೇಶನ ನಡೆಸುತ್ತವೆ. ಇಲ್ಲಿ ದೇವಸ್ಥಾನದ ಅಂಗಳದಲ್ಲಿ ಚೆಂಡೆ-ಮದ್ದಳೆಯೊಂದಿಗೆ ನಡೆಯುತ್ತದೆ.

ಹಾಗಾದರೆ ಏನು ಮಾಡಬೇಕು? ಹೊಸ ಕಟ್ಟಡ, ಹೊಸ ಪೀಠ ಬೇಡ. ಅವು ಉದ್ಘಾಟನೆಯ ಫಲಕದೊಂದಿಗೆ ಮುಗಿಯುವುದೇ ಹೆಚ್ಚು. ಪದವಿಯ ಕೊನೆಯ ವರ್ಷದ ಕಿರುಪ್ರಬಂಧವನ್ನು ಗಂಭೀರವಾಗಿ ತೆಗೆದುಕೊಂಡರೆ ಆರಂಭಕ್ಕೆ ಸಾಕು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಅಲ್ಲಿದ್ದು, ಮರುಭೂಮಿ ದಾಟಿ ಅಮ್ಮಾನ್ ಸೇರಿ, ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ ಬಂದಿಳಿದ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಕರಾವಳಿಯವರು ಬಹಳ. ಅಂದು ಮೂವತ್ತರವರು ಇಂದು ಅರವತ್ತೈದು ದಾಟಿದ್ದಾರೆ. ಪಾಣೆಮಂಗಳೂರಿನಲ್ಲೋ ಮೂಡುಬಿದಿರೆಯಲ್ಲೋ ಅವರ ಎದುರು ಮೊಬೈಲಿನ ರೆಕಾರ್ಡರ್ ಇಟ್ಟು ಕೂರುವ ಕೆಲಸಕ್ಕೆ ಇಂಗ್ಲಿಷೂ ಬೇಡ, ಅನುದಾನವೂ ಬೇಡ. ಬ್ಯಾರಿ, ತುಳು, ಕೊಂಕಣಿ ಬರಬೇಕು. ದೆಹಲಿಯ ಸಂಶೋಧಕನಿಗೆ ಅದು ಬರುವುದಿಲ್ಲ.

ಕೆಲಸ ಸಿಗುತ್ತದೆಯೇ ಎಂಬ ಪೋಷಕರ ಪ್ರಶ್ನೆ ನ್ಯಾಯವಾದದ್ದೇ. ಈ ಓದಿನಿಂದ ನೇರವಾಗಿ ಸಿಗುವ ಹುದ್ದೆಗಳು ಕಡಿಮೆ, ಬಣ್ಣ ಹಚ್ಚಿ ಹೇಳುವುದರಲ್ಲಿ ಅರ್ಥವಿಲ್ಲ. ಬಂದರು, ರಫ್ತು-ಆಮದು, ಪತ್ರಿಕೆ, ನಾಗರಿಕ ಸೇವಾ ಪರೀಕ್ಷೆ, ಗಲ್ಫ್‌ನ ಕಚೇರಿಗಳು, ಹೀಗೆ ಸುತ್ತಿ ಬಳಸಿ ಉಪಯೋಗಕ್ಕೆ ಬರುವ ಓದು ಇದು.

ಇನ್ನೊಂದು ಕೆಲಸಕ್ಕೆ ಮಾತ್ರ ಒಬ್ಬಿಬ್ಬರು ಹಟವಾದಿಗಳು ಬೇಕು. ಬಂಗರು, ಚೌಟರು, ಅಜಿಲರು ಪೋರ್ಚುಗೀಸರೊಂದಿಗೆ ಮಾಡಿಕೊಂಡ ಕರಾರು, ಬರೆದ ಪತ್ರ, ಬಾಕಿ ಉಳಿಸಿದ ಮೆಣಸಿನ ಲೆಕ್ಕಗಳನ್ನು ಹುಡುಕಬೇಕಾದ ಜಾಗ ಪಣಜಿಯ ಗೋವಾ ಪತ್ರಾಗಾರ. ಅಲ್ಲಿ ನೆರೆಯ ಅರಸರ ಪತ್ರಗಳಿಗೆ ಬೇರೆ ಸಂಪುಟಗಳೇ ಇವೆ. ಮಳೆಗಾಲದ ಗಾಳಿ ಹಿಡಿದು ಲಿಸ್ಬನ್ನಿಗೆ ಹೋಗಿಬರುತ್ತಿದ್ದ ಹಡಗುಗಳ ಕಾಗದಗಳಿಗೆ 'ಮಾನ್ಸೂನ್ ಪುಸ್ತಕಗಳು' ಎಂದೇ ಹೆಸರು. ಬಿ.ಎಸ್. ಶಾಸ್ತ್ರಿಯವರು ದಶಕಗಳ ಕಾಲ ಅವನ್ನು ಓದಿ ಗೋವೆ-ಕೆನರಾ ಸಂಬಂಧದ ಇತಿಹಾಸ ಬರೆದರು. ಅದು ಇಂಗ್ಲಿಷಿನಲ್ಲಿದೆ. ಪೋರ್ಚುಗೀಸ್ ಕಲಿಸುವ ವಿಭಾಗ ಗೋವಾ ವಿಶ್ವವಿದ್ಯಾಲಯದಲ್ಲಿದೆ. ಮಂಗಳೂರಿನಿಂದ ಮಡಗಾಂವ್‌ಗೆ ಕೊಂಕಣ ರೈಲಿನಲ್ಲಿ ಕೂತರೆ ಅರ್ಧ ದಿನದೊಳಗೆ ತಲುಪಬಹುದು.

ದೆಲ್ಲಾ ವಾಲ್ಲೆ ಅದೇ 1623ರಲ್ಲಿ, ಇಕ್ಕೇರಿಗೆ ಘಟ್ಟ ಹತ್ತುವ ದಾರಿಯಲ್ಲಿ, ಒಂದು ಗುಡಿಯ ಜಗುಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ನಿಂತು ನೋಡಿದ್ದ. ಒಬ್ಬ ರಾಗವಾಗಿ ಹೇಳುತ್ತಿದ್ದ, ಉಳಿದವರು ಹೇಳುತ್ತ ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದರು, ಮರಳು ತುಂಬಿದಾಗ ಅಳಿಸಿ ಹೊಸ ಮರಳು ಹರಡುತ್ತಿದ್ದರು. ಮೇಷ್ಟ್ರು ಎಲ್ಲಿ ಎಂದರೆ, ತಮ್ಮೊಳಗೆ ತಾವೇ ಕಲಿಯುತ್ತಿದ್ದೇವೆ ಎಂದರಂತೆ.